ವಿಮಾನದ ಪಾಯಿಂಟ್ ಎಂಬ ಖಾಸಗಿ ನೋಟು: ಹಾಸನದವರಿಗೆ ಯಾವ ಕಾರ್ಡ್ ಲಾಭ?

'ಅಣ್ಣ, ಇಂಡಿಗೋ ಕಾರ್ಡ್ ತಗೊಳ್ಳಲಾ, ಏರ್ ಇಂಡಿಯಾದ್ದು ತಗೊಳ್ಳಲಾ?' ಅರಕಲಗೂಡಿನ ನನ್ನ ಚಿಕ್ಕಪ್ಪನ ಮಗ ಪುಣೆಯಿಂದ ಕಳಿಸಿದ ಮೆಸೇಜ್ ಇದು. ಯುಗಾದಿಗೊಂದು ಸಲ, ಗೌರಿ-ಗಣೇಶಕ್ಕೊಂದು ಸಲ ಊರಿಗೆ ಬರ್ತಾನೆ. ಅಂದರೆ ಹೋಗಿ ಬರೋದು ಸೇರಿ ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತುವ ಹುಡುಗ. ಕಾರ್ಡ್ ಮಾರುವವರ ಫೋನ್ ಮಾತ್ರ ಅವನಿಗೆ ವಾರಕ್ಕೆ ನಾಲ್ಕು ಸಲ ಬರುತ್ತೆ.

ಕೇಳುವವನು ಅವನೊಬ್ಬನೇ ಅಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರು, ಹೈದರಾಬಾದ್, ಗುರುಗ್ರಾಮ ಸೇರಿದವರಿಗೆ ಮೊದಲ ಸಂಬಳದ ಹಿಂದೆಯೇ ಕ್ರೆಡಿಟ್ ಕಾರ್ಡ್ ಬರುತ್ತೆ, ಅದರ ಹಿಂದೆಯೇ 'ಫ್ರೀ ಫ್ಲೈಟ್' ಅನ್ನೋ ಆಸೆ. ತಮಾಷೆ ಏನಂದ್ರೆ ನಮ್ಮ ಜಿಲ್ಲೆಗೆ ವಿಮಾನ ಇನ್ನೂ ಬಂದಿಲ್ಲ. ಹಾಸನದ ಪಕ್ಕದ ಬೂವನಹಳ್ಳಿಯ ವಿಮಾನ ನಿಲ್ದಾಣ ದೇವೇಗೌಡರ ಕಾಲದ ಕನಸು. ಚುನಾವಣೆಗಳು ಬಂದು ಹೋದವು, ಮುಖ್ಯಮಂತ್ರಿಗಳು ಬದಲಾದರು, ಅಲ್ಲಿಂದ ಟಿಕೆಟ್ ತಗೊಂಡು ಹಾರಿದ ಪ್ರಯಾಣಿಕ ಮಾತ್ರ ಯಾರೂ ಇಲ್ಲ. ವಿಮಾನದ ಪಾಯಿಂಟುಗಳು ಆಗಲೇ ಮನೆ ತಲುಪಿವೆ.

ತಮ್ಮನಿಗೆ ಒಂದು ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಕಾರ್ಡಿನ ಲೆಕ್ಕದ ಹಿಂದೆ ಒಂದಿಷ್ಟು ರಾಜಕೀಯವೂ ಇದೆ, ಅದನ್ನು ಬಿಟ್ಟು ಲೆಕ್ಕ ಮಾತ್ರ ಹೇಳಿದರೆ ಅರ್ಧ ಉತ್ತರವಾಗುತ್ತೆ.

ಪಾಯಿಂಟ್ ಅಚ್ಚು ಹಾಕುವವರು ಯಾರು?

1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ 'ಅಡ್ವಾಂಟೇಜ್' ಅನ್ನೋ ಯೋಜನೆ ಶುರುಮಾಡಿತು. ಲೆಕ್ಕ ಸರಳ: ಹೇಗೂ ಖಾಲಿ ಹಾರುವ ಸೀಟನ್ನು ಪದೇ ಪದೇ ಬರುವ ಗಿರಾಕಿಗೆ ಕೊಟ್ಟರೆ ಕಂಪನಿಗೆ ಹೆಚ್ಚೇನೂ ಖರ್ಚಿಲ್ಲ, ಅವನು ಬೇರೆ ಕಂಪನಿಗೆ ಹೋಗೋದೂ ಇಲ್ಲ. ಆಮೇಲೆ ಬ್ಯಾಂಕುಗಳು ಬಂದವು, ಅಲ್ಲಿಂದ ಆಟವೇ ಬದಲಾಯಿತು. ಈಗ ವಿಮಾನ ಕಂಪನಿ ಪಾಯಿಂಟುಗಳನ್ನು ಬ್ಯಾಂಕಿಗೆ ಸಗಟು ಲೆಕ್ಕದಲ್ಲಿ ಮಾರುತ್ತೆ. ಬ್ಯಾಂಕು ಅವನ್ನು ನೀವು ಕಾರ್ಡ್ ಉಜ್ಜಿದಾಗಲೆಲ್ಲ ಚಿಲ್ಲರೆಯಾಗಿ ಹಂಚುತ್ತೆ. ಅಮೆರಿಕದ ಡೆಲ್ಟಾ ಕಂಪನಿಗೆ 2023ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಒಂದರಿಂದಲೇ ಬಂದ ಹಣ ಸುಮಾರು 680 ಕೋಟಿ ಡಾಲರ್. 2020ರ ಕೋವಿಡ್ ಹೊಡೆತದಲ್ಲಿ ಯುನೈಟೆಡ್ ಕಂಪನಿ ಸಾಲಕ್ಕೆ ಅಡ ಇಟ್ಟದ್ದು ತನ್ನ ಪಾಯಿಂಟ್ ಯೋಜನೆಯನ್ನು. ಆಗ ಆ ಯೋಜನೆಗೆ ಕಟ್ಟಿದ ಬೆಲೆ, ಷೇರುಪೇಟೆಯಲ್ಲಿ ಇಡೀ ಕಂಪನಿಗೇ ಇದ್ದ ಬೆಲೆಗಿಂತ ಹೆಚ್ಚಿತ್ತು!

ಎಂಜಿನಿಯರಿಂಗ್ ಓದಿದ ಚಾಳಿ, ಯಾವ ಯಂತ್ರ ಕಂಡರೂ ಒಳಗೆ ಹೋಗೋದೇನು, ಹೊರಗೆ ಬರೋದೇನು ಅಂತ ಕೇಳಬೇಕನ್ನಿಸುತ್ತೆ. ಪಾಯಿಂಟ್ ಅನ್ನೋದು ಕಂಪನಿ ತಾನೇ ಅಚ್ಚು ಹಾಕುವ ನೋಟು. ಎಷ್ಟು ಅಚ್ಚು ಹಾಕಬೇಕು ಅಂತ ಅದೇ ತೀರ್ಮಾನ ಮಾಡುತ್ತೆ. ಒಂದು ನೋಟಿಗೆ ಎಷ್ಟು ದೂರದ ಟಿಕೆಟ್ ಸಿಗಬೇಕು ಅನ್ನೋದೂ ಅದರದೇ ತೀರ್ಮಾನ. ನಾಳೆ ಬೆಳಗ್ಗೆ 8,000 ಪಾಯಿಂಟಿನ ಸೀಟಿಗೆ 12,000 ಅಂದರೆ, ಒಪ್ಪೋದು ಬಿಟ್ಟು ನಿಮಗೆ ಬೇರೆ ದಾರಿಯಿಲ್ಲ. ರೂಪಾಯಿ ಬೆಲೆ ಕುಸಿದರೆ ಸಂಸತ್ತಿನಲ್ಲಿ ಗಲಾಟೆಯಾಗುತ್ತೆ, ಹಣಕಾಸು ಸಚಿವರು ಉತ್ತರ ಹೇಳಬೇಕಾಗುತ್ತೆ. ಪಾಯಿಂಟಿನ ಬೆಲೆ ಕುಸಿದರೆ ಒಂದು ಇಮೇಲ್ ಬರುತ್ತೆ, ಅದೂ 'ನಿಮಗೊಂದು ಸಂತಸದ ಸುದ್ದಿ' ಅನ್ನೋ ಧಾಟಿಯಲ್ಲಿ.

ಈ ನೋಟಿಗೆ ದುಡ್ಡು ಹಾಕುವವರು ಯಾರು ಅನ್ನೋದು ಇನ್ನೂ ಮುಖ್ಯ. ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಯುಪಿಐ ಮಾಡಿದರೆ ಅಂಗಡಿಯವರಿಗೆ ಖರ್ಚಿಲ್ಲ, 2020ರ ಜನವರಿಯಿಂದ ಅದಕ್ಕೆ ಶುಲ್ಕ ಸೊನ್ನೆ. ಅದೇ ಬಟ್ಟೆ ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ನೂರಕ್ಕೆ ಸುಮಾರು 2 ರೂಪಾಯಿ ಬ್ಯಾಂಕುಗಳ ಪಾಲಾಗುತ್ತೆ. 'ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್' ಅಂತ ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಹೇಳೋದು ಇದಕ್ಕೇ. ಹಾಗೆ ಬಾಯಿಬಿಟ್ಟು ಹೇಳದ ಅಂಗಡಿಯವರು ಅದನ್ನು ಎಲ್ಲರ ಬೆಲೆಗೂ ಸೇರಿಸಿರ್ತಾರೆ. ಆಗ ನಗದು ಕೊಟ್ಟು ಸೀರೆ ಒಯ್ಯುವ ಹಳ್ಳಿಯ ಹೆಂಗಸು ನಿಮ್ಮ ವಿಮಾನದ ಸೀಟಿಗೆ ತನ್ನ ಪಾಲು ಹಾಕಿದ ಹಾಗೆ.

ಇನ್ನೊಂದು ಮೂಲ ಬಡ್ಡಿ. ಪೂರ್ತಿ ಬಿಲ್ ಕಟ್ಟದೆ 'ಮಿನಿಮಮ್ ಡ್ಯೂ' ಮಾತ್ರ ಕಟ್ಟುವವರು ತೆರುವ ಬಡ್ಡಿ ತಿಂಗಳಿಗೆ ಮೂರರಿಂದ ಮೂರೂಮುಕ್ಕಾಲು ಪರ್ಸೆಂಟ್, ಅಂದರೆ ವರ್ಷಕ್ಕೆ ನಲವತ್ತರ ಆಸುಪಾಸು. ಊರಲ್ಲಿ ಮೀಟರ್ ಬಡ್ಡಿಯವರನ್ನು ಬೈಯ್ಯುವ ನಾವು ಇದನ್ನು ಆ್ಯಪಿನಲ್ಲಿ ಒಪ್ಪಿಕೊಂಡುಬಿಡ್ತೀವಿ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 30 ದಾಟಿದರೆ ಅದು ಅನ್ಯಾಯದ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಮ್ಮ ಟೈಮ್‌ಲೈನಿನಲ್ಲಿ ಎಷ್ಟು ಜನ ಇದರ ಬಗ್ಗೆ ಬರೆದರು ನೆನಪು ಮಾಡಿಕೊಳ್ಳಿ.

ಅಮೆರಿಕದಲ್ಲಿ ಇದನ್ನೆಲ್ಲ ಲೆಕ್ಕ ಹಾಕಿದ ಸಂಶೋಧಕರಿದ್ದಾರೆ. ಕಾರ್ಡ್ ಬಹುಮಾನಗಳ ಹೆಸರಿನಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ, ಬಡ ಪ್ರದೇಶಗಳಿಂದ ಶ್ರೀಮಂತ ಪ್ರದೇಶಗಳಿಗೆ ಹರಿಯುತ್ತೆ ಅನ್ನೋದು ಫೆಡರಲ್ ರಿಸರ್ವ್ ಪ್ರಕಟಿಸಿದ ಒಂದು ಅಧ್ಯಯನದ ಅಂದಾಜು. ಮೀಸಲಾತಿ, ಗ್ಯಾರಂಟಿ ಯೋಜನೆ ಅಂದ ಕೂಡಲೇ 'ಬಿಟ್ಟಿ ಭಾಗ್ಯ' ಅನ್ನುವವರು ಏರ್‌ಪೋರ್ಟ್ ಲಾಂಜಿನಲ್ಲಿ ಎರಡು ರೂಪಾಯಿಗೆ ಇಡ್ಲಿ ತಿನ್ನುವಾಗ ಅದು ಯಾರ ತೆರಿಗೆ ಅಂತ ಕೇಳೋದಿಲ್ಲ.

ಗೊರೂರಿನಿಂದ ಹಾರಿದ್ದು, ಕಿಂಗ್‌ ಕ್ಲಬ್‌ನಲ್ಲಿ ಮುಳುಗಿದ್ದು

ಪಾಯಿಂಟ್ ಎಷ್ಟು ಗಟ್ಟಿ ಅಂತ ತಿಳಿಯೋಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ಅರಕಲಗೂಡು ರಸ್ತೆಯಲ್ಲಿ ಗೊರೂರಿನವರೆಗೆ ಹೋದರೆ ಸಾಕು.

ಹೇಮಾವತಿ ಅಣೆಕಟ್ಟೆಯ ಆ ಊರಿನ ಹುಡುಗ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು, ಮುಳುಗಡೆಯಾದ ಜಮೀನಿಗೆ ಬದಲಾಗಿ ಜಾವಗಲ್ ಕಡೆ ಸಿಕ್ಕ ಬರಡು ನೆಲದಲ್ಲಿ ಕೃಷಿ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅದರ ತತ್ತ್ವ ಒಂದೇ: ಟಿಕೆಟ್ ಬೆಲೆ ಇಳಿಸು. ಊಟ ಬೇಕಾದವರು ದುಡ್ಡು ಕೊಟ್ಟು ತಗೊಳ್ಳಲಿ, ಟಿಕೆಟ್ ಪೆಟ್ರೋಲ್ ಬಂಕಿನಲ್ಲೂ ಸಿಗಲಿ, ಒಂದು ರೂಪಾಯಿಗೂ ಒಂದಿಷ್ಟು ಸೀಟು ಇರಲಿ. ಕ್ಲಬ್ಬಿನ ಸದಸ್ಯರಿಗೆ ರಿಯಾಯಿತಿ ಕೊಡೋದರ ಬದಲು ಎಲ್ಲರಿಗೂ ದರ ಇಳಿಸೋ ದಾರಿ ಅದು. ಆ ದಾರಿಯಲ್ಲಿ ಹುಬ್ಬಳ್ಳಿಯಂಥ ಊರಿನವರು ಮೊದಲ ಸಲ ವಿಮಾನ ಹತ್ತಿದರು.

ನಷ್ಟ ಏರಿತು. 2007ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ಪಾಲು ಕೊಂಡಿತು, 2008ರಲ್ಲಿ ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯಿತು. ಕಿಂಗ್‌ಫಿಷರ್‌ನದು ಪೂರ್ತಿ ಉಲ್ಟಾ ದಾರಿ. 'ಕಿಂಗ್ ಕ್ಲಬ್' ಅನ್ನೋ ಸದಸ್ಯತ್ವ, ಅಮೆರಿಕನ್ ಎಕ್ಸ್‌ಪ್ರೆಸ್ ಜತೆ ಸೇರಿ ಕಾರ್ಡ್, ಪಾಯಿಂಟ್ ಮೇಲೆ ಪಾಯಿಂಟ್. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲ ಹಿಡಿದವು. ಸಂಬಳಕ್ಕೆ ಕಾದ ನೌಕರರು, ಸುಮಾರು 9,000 ಕೋಟಿ ಬಾಕಿ ಇದೆ ಅಂದ ಬ್ಯಾಂಕುಗಳ ಕೂಟ ಎಲ್ಲರೂ ಸಾಲಿನಲ್ಲಿ ನಿಂತರು. ಆ ಸಾಲಿನಲ್ಲಿ ಕಿಂಗ್ ಕ್ಲಬ್ ಪಾಯಿಂಟಿನವರಿಗೆ ಜಾಗವೇ ಇರಲಿಲ್ಲ.

2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್ ಕೊನೆಯ ವಿಮಾನ ಹಾರಿಸಿತು. ಅದರ ಪಾಯಿಂಟ್ ಯೋಜನೆ ಬೇರೆ ಕಂಪನಿಯಾಗಿದ್ದರಿಂದ 'ಇಂಟರ್‌ಮೈಲ್ಸ್' ಅನ್ನೋ ಹೊಸ ಹೆಸರಲ್ಲಿ ಉಳಿದುಕೊಂಡಿತು, ಆದರೆ ಯಾವ ವಿಮಾನಕ್ಕಾಗಿ ಜನ ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ. ವಿಸ್ತಾರಾದ್ದು ಸುಖಾಂತ್ಯ. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾದಲ್ಲಿ ಸೇರಿದಾಗ ಸದಸ್ಯರ ಪಾಯಿಂಟುಗಳು 'ಮಹಾರಾಜ ಕ್ಲಬ್'ಗೆ ಒಂದಕ್ಕೊಂದರಂತೆ ಬಂದವು. ಆದರೂ ವಿಸ್ತಾರಾ ಹೆಸರಿನ ಕಾರ್ಡುಗಳನ್ನು ನಂಬಿ ವರ್ಷದ ಶುಲ್ಕ ಕಟ್ಟಿದವರಿಗೆ ಆ ಕಾರ್ಡುಗಳ ಹಳೆಯ ಸವಲತ್ತು ಉಳಿಯಲಿಲ್ಲ.

ಹನ್ನೆರಡು ವರ್ಷದಲ್ಲಿ ಮೂರು ದೊಡ್ಡ ಕ್ಲಬ್ಬುಗಳು ಹೋದವು. ಈಗ ಉಳಿದಿರೋ ಎರಡರಲ್ಲಿ ಆರಿಸಬೇಕು.

ಇಂಡಿಗೋನಾ, ಏರ್ ಇಂಡಿಯಾನಾ?

2006ರಲ್ಲಿ ಹಾರೋಕೆ ಶುರುಮಾಡಿದ ಇಂಡಿಗೋ ಹದಿನೆಂಟು ವರ್ಷ ತನ್ನದೇ ಆದ ಸದಸ್ಯತ್ವ ಯೋಜನೆ ಇಲ್ಲದೆ ನಡೀತು. 2020ರಿಂದ ಬ್ಯಾಂಕ್ ಕಾರ್ಡಿಗೆ ಜೋಡಿಸಿದ '6ಇ ರಿವಾರ್ಡ್ಸ್' ಇತ್ತು, ಅಷ್ಟೇ. 'ಬ್ಲೂಚಿಪ್' ಬಂದದ್ದು 2024ರಲ್ಲಿ, ಪೈಪೋಟಿ ಕೊಡುತ್ತಿದ್ದವರು ಒಬ್ಬೊಬ್ಬರಾಗಿ ಕಣ್ಮರೆಯಾದ ಮೇಲೆ. ಇವತ್ತು ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಕೂರೋದು ಇಂಡಿಗೋ ಅಥವಾ ಟಾಟಾದವರ ಏರ್ ಇಂಡಿಯಾ ಗುಂಪಿನ ವಿಮಾನದಲ್ಲಿ. ನನ್ನ ಅನುಮಾನ ಇಷ್ಟು: ಗಿರಾಕಿ ಬೇರೆಲ್ಲೂ ಹೋಗೋಕೆ ಜಾಗವಿಲ್ಲದ ಪೇಟೆಯಲ್ಲಿ ಅವನ ನಿಷ್ಠೆಗೆ ಬಹುಮಾನ ಕೊಡೋದು ದರ ಇಳಿಸೋದಕ್ಕಿಂತ ಅಗ್ಗ.

2025ರ ಡಿಸೆಂಬರ್ ಮೊದಲ ವಾರ ನೆನಪಿರಬಹುದು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಯಾರಾಗದ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿತು. ಉಳಿದ ಟಿಕೆಟ್‌ಗಳ ದರ ಆಕಾಶಕ್ಕೇರಿ, ಕೊನೆಗೆ ಕೇಂದ್ರ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು. ದೇವನಹಳ್ಳಿಯಲ್ಲಿ ಬ್ಯಾಗ್ ಹುಡುಕ್ತಾ ಕೂತವರಿಗೆ ಆ ವಾರ ಬ್ಲೂಚಿಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಂತ ಎರಡೂ ಒಂದೇ ಅಲ್ಲ. ದೇಶದೊಳಗೇ ಓಡಾಡುವವರಿಗೆ ಇಂಡಿಗೋ ಹೆಚ್ಚು ಊರಿಗೆ, ಹೆಚ್ಚು ಹೊತ್ತಿಗೆ ಹಾರುತ್ತೆ, ಪಾಯಿಂಟ್ ಸೇರೋದೂ ಖರ್ಚಾಗೋದೂ ಸುಲಭ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ, ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಎಲ್ಲ ಅದೇ ಕೂಟ. ಮಗಳು ಜರ್ಮನಿಯಲ್ಲೋ ಅಮೆರಿಕದಲ್ಲೋ ಇದ್ದು, ಚನ್ನರಾಯಪಟ್ಟಣದ ಅಪ್ಪ-ಅಮ್ಮ ಬಾಣಂತನಕ್ಕೆ ಹೋಗಿಬರ್ತಾರೆ ಅಂದರೆ ಮಹಾರಾಜ ಕ್ಲಬ್ಬಿಗೆ ಅರ್ಥವಿದೆ. ಹಾರಾಟದ ಪಾಯಿಂಟ್ ಸೇರೋದು ಟಿಕೆಟ್‌ಗೆ ದುಡ್ಡು ಕೊಟ್ಟ ಮಗಳಿಗಲ್ಲ, ಸೀಟಿನಲ್ಲಿ ಕೂತ ಅಪ್ಪ-ಅಮ್ಮನಿಗೆ. ಎಷ್ಟೋ ಮನೆಗಳಲ್ಲಿ ಅವರ ಸದಸ್ಯತ್ವವನ್ನೇ ಯಾರೂ ಮಾಡಿಸಿರೋದಿಲ್ಲ, ಅಷ್ಟು ದೂರದ ಪಾಯಿಂಟ್ ಸುಮ್ಮನೆ ಗಾಳಿಗೆ ಹೋಗುತ್ತೆ. ಸದಸ್ಯತ್ವ ಬಿಟ್ಟಿ, ಮಾಡಿಸಿ. ಆಫೀಸಿನ ದುಡ್ಡಲ್ಲಿ ಹಾರುವವರಿಗೂ ಇದೇ ಮಾತು. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಬ್ಬರೇ ಮಾಲೀಕರದ್ದಾದರೂ ಒಂದರ ನಿಯಮ ಇನ್ನೊಂದಕ್ಕೆ ಹಾಗೇ ಅನ್ವಯಿಸುತ್ತೆ ಅಂದುಕೊಳ್ಳಬೇಡಿ, ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ಕ್ಲಬ್ ಸೇರೋದು ಬೇರೆ, ಕಾರ್ಡ್ ತಗೊಳ್ಳೋದು ಬೇರೆ. ಮೊದಲನೆಯದಕ್ಕೆ ದುಡ್ಡಿಲ್ಲ, ಎರಡೂ ಕ್ಲಬ್ ಸೇರಿ. ಲೆಕ್ಕ ಬೇಕಾದ್ದು ಕಾರ್ಡಿಗೆ.

ತಮ್ಮನಿಗೆ ಮಾಡಿಕೊಟ್ಟ ಲೆಕ್ಕ ಇಲ್ಲಿದೆ. ಇವು ಯಾವ ಬ್ಯಾಂಕಿನ ದರವೂ ಅಲ್ಲ, ವಿಧಾನ ಅರ್ಥವಾಗಲಿ ಅಂತ ನಾನೇ ಇಟ್ಟ ಅಂಕಿಗಳು. ಮೊದಲು ಪಾಯಿಂಟಿನ ಬೆಲೆ ಕಂಡುಹಿಡೀಬೇಕು. ನಿಮಗೆ ನಿಜವಾಗಿ ಬೇಕಾದ ದಿನದ ಟಿಕೆಟ್ ನೋಡಿ, ಹಬ್ಬದ ಹಿಂದಿನ ದಿನದ್ದೇ ಆಗಲಿ. ನಗದಿಗೆ 4,800 ರೂಪಾಯಿ. ಪಾಯಿಂಟಿನಲ್ಲಾದರೆ 8,000 ಪಾಯಿಂಟ್, ಜತೆಗೆ ತೆರಿಗೆ-ಶುಲ್ಕ ಅಂತ 1,200 ರೂಪಾಯಿ. ಅಂದರೆ 8,000 ಪಾಯಿಂಟ್ ಉಳಿಸಿದ್ದು 3,600 ರೂಪಾಯಿ, ಒಂದಕ್ಕೆ 45 ಪೈಸೆ. ಈಗ ಕಾರ್ಡು. ವರ್ಷಕ್ಕೆ 3 ಲಕ್ಷ ಖರ್ಚು, ನೂರಕ್ಕೆ 2 ಪಾಯಿಂಟ್ ಅಂದರೆ 6,000 ಪಾಯಿಂಟ್, ಬೆಲೆ 2,700 ರೂಪಾಯಿ. ವಾರ್ಷಿಕ ಶುಲ್ಕ 1,500, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 1,770. ಕೈಗೆ ಉಳಿದದ್ದು 930 ರೂಪಾಯಿ. ಶುಲ್ಕವೇ ಇಲ್ಲದ, ನೂರಕ್ಕೆ ಒಂದು ರೂಪಾಯಿ ವಾಪಸ್ ಕೊಡುವ ಸಾದಾ ಕಾರ್ಡು ಅಷ್ಟೇ ಖರ್ಚಿಗೆ 3,000 ಕೊಡ್ತಿತ್ತು, ಅದೂ ರೂಪಾಯಿಯಲ್ಲೇ. ಅದನ್ನು ಹಾಸನದ ಬಸ್ಸಿಗೂ ಹಾಕಬಹುದು, ಅಮ್ಮನ ಔಷಧಿಗೂ ಹಾಕಬಹುದು. ಈ ಉದಾಹರಣೆಯಲ್ಲಿ ವಿಮಾನದ ಕಾರ್ಡು ಗೆಲ್ಲಬೇಕಾದರೆ ಒಂದು ಪಾಯಿಂಟಿನ ಬೆಲೆ 80 ಪೈಸೆಯ ಹತ್ತಿರ ಬರಬೇಕು. ವಿದೇಶದ ಟಿಕೆಟ್‌ನಲ್ಲಿ, ದುಬಾರಿ ಕ್ಲಾಸಿನ ಸೀಟಿನಲ್ಲಿ ಬರಬಹುದು. ಪುಣೆ-ಬೆಂಗಳೂರಿನಲ್ಲಿ ಬರೋದು ಕಷ್ಟ.

ಮೊದಲ ವರ್ಷದ ಸ್ವಾಗತ ಬೋನಸ್ ನೋಡಿ ಮರುಳಾಗಬೇಡಿ, ಲೆಕ್ಕ ಹಾಕಬೇಕಾದ್ದು ಎರಡನೇ ವರ್ಷಕ್ಕೆ. ಇನ್ನು ಒಂದು ತಿಂಗಳು 40,000 ಬಾಕಿ ಉಳಿಸಿಕೊಂಡಿರಿ ಅಂದುಕೊಳ್ಳಿ. ಮೂರೂವರೆ ಪರ್ಸೆಂಟ್ ಬಡ್ಡಿ 1,400, ಆ ಬಡ್ಡಿಗೂ ಜಿಎಸ್‌ಟಿ 252. ವರ್ಷವೆಲ್ಲಾ ಕೂಡಿಟ್ಟ 930 ಹೋಯಿತು, ಮೇಲೆ 722 ಕೈಯಿಂದ ಬಿತ್ತು. ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೂ ಅವತ್ತಿನಿಂದಲೇ ಬಡ್ಡಿ ಓಡುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಕೊನೆಯ 200 ಕಿಲೋಮೀಟರ್

ಬೆಂಗಳೂರಿನಲ್ಲೇ ಮನೆ ಇರುವವರಿಗಾದರೆ ಲೆಕ್ಕ ಇಲ್ಲಿಗೆ ಮುಗಿಯುತ್ತೆ. ನಮಗೆ ಮುಗಿಯೋದಿಲ್ಲ. ದೇವನಹಳ್ಳಿಯಿಂದ ಹಾಸನ ಹತ್ತಿರಹತ್ತಿರ 200 ಕಿ.ಮೀ. ಪಾಯಿಂಟಿನ ಸೀಟುಗಳು ಹೆಚ್ಚಾಗಿ ಸಿಗೋದು ಯಾರಿಗೂ ಬೇಡವಾದ ಹೊತ್ತಿನಲ್ಲಿ. ರಾತ್ರಿ ಹನ್ನೊಂದೂವರೆಗೆ ಇಳಿದರೆ ಮೆಜೆಸ್ಟಿಕ್‌ಗೆ ಹೋಗಿ ಬಸ್ ಹಿಡಿಯೋದರೊಳಗೆ ಬೆಳಗಾಗುತ್ತೆ, ಅರಕಲಗೂಡಿಗಂತೂ ರೈಲೂ ಇಲ್ಲ. ಟ್ಯಾಕ್ಸಿ ಮಾಡಿದಿರೋ, 'ಫ್ರೀ ಟಿಕೆಟ್' ಉಳಿಸಿದ್ದೆಲ್ಲ ನೆಲಮಂಗಲ ದಾಟುವುದರೊಳಗೆ ಕರಗುತ್ತೆ.

ಒಂದೇ ಕಂಪನಿಗೆ ಅಂಟಿಕೊಂಡರೆ ಇನ್ನೊಂದು ನಷ್ಟವೂ ಇದೆ. ನಮಗೆ ಬೆಂಗಳೂರು ಬಿಟ್ಟು ಬೇರೆ ಬಾಗಿಲುಗಳೂ ಇವೆ: ಶಿರಾಡಿ ಘಾಟಿ ಇಳಿದರೆ ಮಂಗಳೂರಿನ ಬಜಪೆ, 2023ರಲ್ಲಿ ಶುರುವಾದ ಶಿವಮೊಗ್ಗ, ಹೊಳೆನರಸೀಪುರದವರಿಗೆ ನೂರು ಕಿ.ಮೀ. ಆಸುಪಾಸಿನ ಮೈಸೂರಿನ ಮಂಡಕಳ್ಳಿ. ಅಲ್ಲಿ ಹಾರುವ ವಿಮಾನ ಕಡಿಮೆ, ಯಾವ ದಿನ ಯಾವ ಕಂಪನಿಯದ್ದು ಸಿಗುತ್ತೋ ಅದೇ ಗತಿ. ಹಾಗಿರುವಾಗ ಯಾವ ಕಂಪನಿಗೂ ಸೇರದ ಕಾರ್ಡು ನಮ್ಮಂಥವರಿಗೆ ಹೆಚ್ಚು ಉಪಯೋಗ. ಸದಸ್ಯರಿಗೆ ಹೆಚ್ಚುವರಿ ಲಗೇಜ್ ಅನ್ನೋ ಆಮಿಷ ಊರಿಂದ ಹಪ್ಪಳ, ಚಟ್ನಿಪುಡಿ ಹೊರುವವರಿಗೆ ಸ್ವಲ್ಪ ತಟ್ಟುತ್ತೆ, ನಿಜ. ಆದರೆ ಆ ಮಟ್ಟಕ್ಕೇರಲು ವರ್ಷಕ್ಕೆ ನಾಲ್ಕು ಹಾರಾಟ ಸಾಲೋದಿಲ್ಲ. ಚನ್ನರಾಯಪಟ್ಟಣದವರಿಗೆ ಒಂದು ಮಾತು: ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತು ಅಂತ ವಿಮಾನದಲ್ಲಿ ಬಿಡಲ್ಲ, ನೀವು ಯಾವ ಕ್ಲಬ್ಬಿನ ಎಷ್ಟೇ ದೊಡ್ಡ ಸದಸ್ಯರಾಗಿದ್ದರೂ.

ತಮ್ಮನಿಗೆ ನಾನು ಹೇಳಿದ್ದು: ಎರಡೂ ಕ್ಲಬ್ಬಿಗೆ ಬಿಟ್ಟಿಯಾಗಿ ಸೇರು, ವಿಮಾನದ ಕಾರ್ಡು ಬೇಡ, ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡು ಸಾಕು, ಬಿಲ್ ಪೂರ್ತಿ ಕಟ್ಟೋಕೆ ಆಗದ ತಿಂಗಳು ಅದನ್ನೂ ಮುಟ್ಟಬೇಡ. ಪಾಯಿಂಟ್ ಸೇರಿದಷ್ಟೂ ಮೊದಲು ಸಿಗೋ ಟಿಕೆಟ್‌ಗೆ ಖರ್ಚು ಮಾಡು. ಕೂಡಿಟ್ಟರೆ ಬೆಳೆಯೋಕೆ ಅದೇನು ಬ್ಯಾಂಕ್ ಡಿಪಾಸಿಟ್ಟಲ್ಲ. ತಿಂಗಳಿಗೆ ಮೂರ್ನಾಲ್ಕು ಸಲ ಹಾರುವವರಿಗೆ, ಖರ್ಚು ಆಫೀಸಿನದಾದವರಿಗೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಆಗಲೇ ಕಾರ್ಡ್ ತಗೊಂಡು ಸಿಕ್ಕಿಹಾಕಿಕೊಂಡವರಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಕೆಲವು ಹಕ್ಕುಗಳಿವೆ. ನೀವು ಕೇಳದೆ ಬ್ಯಾಂಕು ಕಾರ್ಡ್ ಕಳಿಸುವಂತಿಲ್ಲ. ಕಳಿಸಿ ಶುಲ್ಕ ಹಾಕಿದರೆ ಅದನ್ನು ವಾಪಸ್ ಕೊಡಬೇಕು, ಜತೆಗೆ ಅದರ ಎರಡರಷ್ಟು ದಂಡವನ್ನೂ ಕಟ್ಟಬೇಕು. ಜೋಡಿ ಹೆಸರಿನ ಕಾರ್ಡಿನಲ್ಲಿ ವಿಮಾನ ಕಂಪನಿಗೆ ನಿಮ್ಮ ಖರ್ಚಿನ ವಿವರ ನೋಡುವ ಅಧಿಕಾರವಿಲ್ಲ. ಕಾರ್ಡ್ ಮುಚ್ಚಿ ಅಂತ ನೀವು ಅರ್ಜಿ ಹಾಕಿದರೆ, ಬಾಕಿ ಇಲ್ಲದ ಪಕ್ಷದಲ್ಲಿ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಅರ್ಜಿಯನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಮಾಡಿ, ತಾರೀಖು ಬರೆದಿಟ್ಟುಕೊಳ್ಳಿ. ಉಳಿದ ಪಾಯಿಂಟುಗಳನ್ನು ಮಾತ್ರ ಅರ್ಜಿ ಹಾಕುವ ಮುಂಚೆಯೇ ಖಾಲಿ ಮಾಡಿ.